ಕೇಳಿದಾಗ ಕೊಡುವ ಗಾಳಿ

ಹುಬ್ಬಳ್ಳಿಯಲ್ಲಿ ರೆಗ್ಯುಲೇಟರ್ ಅಂದರೆ ಎರಡೇ. ಒಂದು ಅಡುಗೆಮನೆಯ ಸಿಲಿಂಡರಿನ ತಲೆಯ ಮೇಲೆ ಕೂತಿರುವುದು, ಇನ್ನೊಂದು ಫ್ಯಾನಿನ ಸ್ವಿಚ್ಚಿನ ಪಕ್ಕದ್ದು. ಹೀಗಾಗಿ ಹಳೆಯ ಸ್ಕೂಬಾ ರೆಗ್ಯುಲೇಟರೊಂದನ್ನು ಚೀಲದಿಂದ ತೆಗೆದು ಪರಿಚಯದ ಒಲೆ ರಿಪೇರಿಯವರ ಮುಂದಿಟ್ಟಾಗ ಅವರು ಕೇಳಿದ ಪ್ರಶ್ನೆ ಸಹಜವಾಗಿಯೇ ಇತ್ತು: ‘ಯಾವ ಗ್ಯಾಸಿಂದ್ರೀ ಸರ ಇದು?’

ಗ್ಯಾಸಲ್ಲ, ಬರೀ ಗಾಳಿ, ನೀರೊಳಗೆ ಉಸಿರಾಡುವುದಕ್ಕೆ ಅಂದೆ. ಅವರು ನಂಬಿದರೋ ಇಲ್ಲವೋ, ಕೈ ಮಾತ್ರ ಸುಮ್ಮನಿರಲಿಲ್ಲ. ಮುಂದಿನ ಪ್ಲಾಸ್ಟಿಕ್ ಮುಚ್ಚಳವನ್ನು ತಿರುವಿ ತೆಗೆದರು. ಒಳಗೆ ಅಂಗೈಯಗಲದ ರಬ್ಬರ್ ಪರದೆ, ಅದರಡಿ ಒಂದು ಸನ್ನೆ, ಸನ್ನೆಯ ಬುಡದಲ್ಲಿ ಸ್ಪ್ರಿಂಗು, ಸ್ಪ್ರಿಂಗಿನ ತುದಿಗೆ ಕಡಲೆಕಾಳಿನಷ್ಟು ರಬ್ಬರಿನ ಬಿರಡೆ. ‘ಎಲ್ಲಾ ಅದೇ ಐತಲ್ರೀ!’ ಅಂದವರು ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಒಲೆಯ ರೆಗ್ಯುಲೇಟರನ್ನು ತೋರಿಸಿದರು. ನಿಜ, ಅಲ್ಲೂ ಪರದೆ, ಸನ್ನೆ, ಸ್ಪ್ರಿಂಗು. ಮೇಲ್ಭಾಗದಲ್ಲಿ ಒಂದು ಸಣ್ಣ ತೂತು ಕೂಡ.

ಆ ತೂತಿನ ಕಡೆ ನಾವು ಯಾರೂ ನೋಡುವುದಿಲ್ಲ. ಅದು ಪರದೆಯ ಹೊರಮೈಗೆ ಹೊರಗಿನ ಒತ್ತಡವನ್ನು ತಲುಪಿಸುವ ಕಿಂಡಿ. ಅಡುಗೆಮನೆಯಲ್ಲಿ ಹೊರಗಿನದು ಅಂದರೆ ವಾತಾವರಣ. ಸ್ಕೂಬಾ ರೆಗ್ಯುಲೇಟರಿನ ಮುಚ್ಚಳದಲ್ಲೂ ಅದೇ ಕೆಲಸಕ್ಕೆ ತೂತುಗಳಿವೆ, ಆದರೆ ಅಲ್ಲಿ ಹೊರಗಿರುವುದು ಸಮುದ್ರ. ಎರಡೂ ಯಂತ್ರಗಳು ಮಾಡುವ ಕೆಲಸ ಒಂದೇ: ಹೊರಗೆಷ್ಟು ಒತ್ತಡವಿದೆ ಎಂದು ಪರದೆಯಿಂದ ಮುಟ್ಟಿ ನೋಡಿ, ಅದಕ್ಕೆ ತಕ್ಕಂತೆ ಒಳಗಿನದನ್ನು ಬಿಡುವುದು. ವ್ಯತ್ಯಾಸವಿರುವುದು ನಾಜೂಕಿನಲ್ಲಿ. ನಮ್ಮ ಮನೆಯ ಎಲ್‌ಪಿಜಿ ರೆಗ್ಯುಲೇಟರು ಒಲೆಗೆ ಕೊಡುವ ಒತ್ತಡ ಸುಮಾರು 30 ಮಿಲಿಬಾರ್, ಅಂದರೆ 30 ಸೆಂಟಿಮೀಟರ್ ಎತ್ತರದ ನೀರು ಒತ್ತುವಷ್ಟು. ಸರಿಯಾಗಿ ಹೊಂದಿಸಿದ ಸ್ಕೂಬಾ ರೆಗ್ಯುಲೇಟರಿನ ಕವಾಟ ತೆರೆದುಕೊಳ್ಳುವುದಕ್ಕೆ ಸಾಕಾಗುವ ಎಳೆತ ಸುಮಾರು 3 ಸೆಂಟಿಮೀಟರ್ ನೀರಿನಷ್ಟು. ಹತ್ತು ಪಟ್ಟು ಸೂಕ್ಷ್ಮ.

ಒಲೆಯವರ ಗುರುತಿಸುವಿಕೆ ಆಕಸ್ಮಿಕವಲ್ಲ ಎಂಬುದಕ್ಕೆ ಇತಿಹಾಸವೇ ಸಾಕ್ಷಿ. 1942ರ ಕೊನೆಯಲ್ಲಿ ಫ್ರೆಂಚ್ ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೊ ಪ್ಯಾರಿಸ್ಸಿನಲ್ಲಿ ಎಮಿಲ್ ಗನ್ಯಾನ್ ಎಂಬ ಎಂಜಿನಿಯರನ್ನು ಕಂಡ. ‘ಏರ್ ಲಿಕ್ವಿಡ್’ ಕಂಪನಿಯಲ್ಲಿದ್ದ ಗನ್ಯಾನನ ಮೇಜಿನ ಮೇಲೆ ಆಗ ಇದ್ದದ್ದು ಕಾರಿನ ಎಂಜಿನ್ನಿಗೆ ಗ್ಯಾಸನ್ನು ಬೇಕಾದಷ್ಟೇ ಬಿಡುವ ಒಂದು ಕವಾಟ. ಯುದ್ಧಕಾಲ, ಪೆಟ್ರೋಲಿಗೆ ಬರ, ಗ್ಯಾಸಿನಲ್ಲಿ ಕಾರು ಓಡಿಸುವ ಸಾಹಸ. ಎಂಜಿನ್ ಎಳೆದಷ್ಟೇ ಗ್ಯಾಸು ಬಿಡುವ ಕವಾಟ ಮನುಷ್ಯ ಎಳೆದಷ್ಟೇ ಗಾಳಿಯನ್ನೂ ಬಿಡಬಾರದೇಕೆ ಎಂಬಲ್ಲಿಂದ ಇಂದಿನ ಸ್ಕೂಬಾ ಶುರುವಾಯಿತು. ಅದಕ್ಕೂ ಮೊದಲೇ, 1860ರಲ್ಲಿ, ಬೆನ್ವಾ ರುಕೇರೋಲ್ ಎಂಬ ಗಣಿ ಎಂಜಿನಿಯರ್ ಗಣಿಯಲ್ಲಿ ಸಿಕ್ಕಿಬಿದ್ದವರನ್ನು ಉಳಿಸುವುದಕ್ಕೆಂದು ಇಂಥದೇ ಕವಾಟ ಮಾಡಿದ್ದ. ದೆನೇರೂಜ್ ಎಂಬವನ ಜೊತೆಗೂಡಿ ಅದನ್ನು ನೀರಿಗೂ ಇಳಿಸಿದ್ದ. ಜೂಲ್ಸ್ ವರ್ನನ ಜಲಾಂತರ ಕಾದಂಬರಿಯಲ್ಲಿ ಪಾತ್ರಗಳು ಬೆನ್ನಿಗೆ ಕಟ್ಟಿಕೊಳ್ಳುವುದು ಈ ಜೋಡಿಯ ಯಂತ್ರವನ್ನೇ. ಆದರೆ ಹೆಚ್ಚಿನ ಒತ್ತಡ ತಡೆಯುವ ಸಿಲಿಂಡರು ಆ ಕಾಲಕ್ಕೆ ಇರಲಿಲ್ಲ. ಹಾಗಾಗಿ ಆ ಯಂತ್ರ ಎಂಬತ್ತು ವರ್ಷ ಕಾಯಬೇಕಾಯಿತು.

ಯಂತ್ರವನ್ನು ಬಳಸುವುದು, ಹೊಂದಿಸುವುದು ಎಂಬ ವಿಷಯದ ಮೇಲೆ ಮುಳುಗುಗಾರರ ನಡುವೆ ವಾದಗಳು ಬಹಳ. ಈ ವಾದಗಳಲ್ಲಿ ಒಂದು ಗೊಂದಲವಿದೆ ಅಂತ ನನಗೆ ಅನ್ನಿಸುತ್ತದೆ. ಹೊಂದಾಣಿಕೆಗಳಲ್ಲಿ ಕೆಲವು ಮುಳುಗುವವನ ಕೈಗೆ ಸೇರಿದವು, ಕೆಲವು ಮೆಕ್ಯಾನಿಕ್‌ನ ಮೇಜಿಗೆ ಸೇರಿದವು. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಮಾತಾಡುವುದರಿಂದ ತಿರುಗಿಸಬಾರದ್ದನ್ನು ತಿರುಗಿಸುವವರೂ ಇದ್ದಾರೆ, ತಿರುಗಿಸಬೇಕಾದ್ದನ್ನು ಮುಟ್ಟಲು ಹೆದರುವವರೂ ಇದ್ದಾರೆ.

ಮೊದಲು ಮೆಕ್ಯಾನಿಕ್‌ನ ಪಾಲು. ತುಂಬಿದ ಸಿಲಿಂಡರಿನಲ್ಲಿ 200 ಬಾರ್ ಒತ್ತಡವಿರುತ್ತದೆ. ಕಾರಿನ ಟೈರಿನ ಒತ್ತಡ ಸುಮಾರು 2 ಬಾರ್ ಎಂದು ನೆನಪಿಟ್ಟರೆ ಇದರ ಗಾತ್ರ ತಿಳಿಯುತ್ತದೆ. ಇದನ್ನು ಒಂದೇ ಹೆಜ್ಜೆಯಲ್ಲಿ ಬಾಯಿಗೆ ತರುವುದಕ್ಕಾಗದು. ಆದ್ದರಿಂದ ಸಿಲಿಂಡರಿನ ಮೇಲೆ ಕೂಡುವ ಮೊದಲ ಹಂತ ಅದನ್ನು ಸುತ್ತಲಿನ ಒತ್ತಡಕ್ಕಿಂತ 9-10 ಬಾರ್ ಮಾತ್ರ ಹೆಚ್ಚಿರುವ ಮಟ್ಟಕ್ಕೆ ಇಳಿಸುತ್ತದೆ. ಅಲ್ಲಿಂದ ಕೊಳವೆಯ ತುದಿಗೆ, ಬಾಯಲ್ಲಿ ಕಚ್ಚುವ ಎರಡನೇ ಹಂತ ಉಳಿದದ್ದನ್ನು ಇಳಿಸುತ್ತದೆ. ನಡುವಿನ ಆ ಒತ್ತಡವೇ ಇಡೀ ಯಂತ್ರದ ನಾಡಿ. ಅಳೆಯುವ ಬಗೆ ಸರಳ: ಜಾಕೀಟಿಗೆ ಗಾಳಿ ತುಂಬುವ ಕೊಳವೆಗೆ ಒಂದು ಸಣ್ಣ ಗೇಜು ಸಿಕ್ಕಿಸಬೇಕು, ಒಂದೆರಡು ಬಾರಿ ಉಸಿರೆಳೆಯಬೇಕು. ಮುಳ್ಳು ಇಳಿದು ಮೇಲೆದ್ದು ಒಂದು ಕಡೆ ಗಟ್ಟಿಯಾಗಿ ನಿಂತರೆ ಆರೋಗ್ಯ. ನಿಂತಂತೆ ಮಾಡಿ ಮೆಲ್ಲಗೆ ಏರುತ್ತಲೇ ಹೋದರೆ ಮೊದಲ ಹಂತದ ಒಳಗಿನ ಬಿರಡೆ ಸವೆದಿದೆ ಎಂದರ್ಥ. ಆ ಹೆಚ್ಚಿನ ಒತ್ತಡ ಕೊನೆಗೆ ಎರಡನೇ ಹಂತವನ್ನು ತಳ್ಳಿ ತೆರೆದು ಬಾಯಿಯ ಕಡೆಯಿಂದ ಸೋರಲು ತೊಡಗುತ್ತದೆ.

ಇಲ್ಲೇ ಬಹಳ ಜನ ತಪ್ಪು ಜಾಗಕ್ಕೆ ಪಾನಾ ಹಚ್ಚುತ್ತಾರೆ. ಸೋರುವುದು ಬಾಯಿಯಲ್ಲಿ, ಆದ್ದರಿಂದ ಬಾಯಿಯ ಕಡೆಯದನ್ನು ಬಿಗಿಗೊಳಿಸು ಎಂಬ ತರ್ಕ. ಬಿಗಿಗೊಳಿಸಿದರೆ ಸೋರುವುದು ನಿಲ್ಲುತ್ತದೆ ಕೂಡ. ಆದರೆ ಕಾಯಿಲೆ ಹಿಂದೆ, ಸಿಲಿಂಡರಿನ ತಲೆಯ ಮೇಲಿದೆ. ಜ್ವರಕ್ಕೆ ಥರ್ಮಾಮೀಟರನ್ನು ತಣ್ಣೀರಲ್ಲಿ ಅದ್ದಿದ ಹಾಗೆ. ಎರಡನೇ ಹಂತದ ಒಳಗಿನ ಹೊಂದಾಣಿಕೆಯೂ ಅಷ್ಟೇ ಸೂಕ್ಷ್ಮದ್ದು. ಸನ್ನೆ ಕೂದಲೆಳೆಯಷ್ಟು ಎತ್ತರವಾದರೆ ಗಾಳಿ ತಾನೇ ಹರಿಯುತ್ತದೆ, ತಗ್ಗಾದರೆ ಎಳೆದರೂ ಸಾಕಷ್ಟು ಬರುವುದಿಲ್ಲ. ಬಿರಡೆ ಕೂಡುವ ಅಂಚನ್ನು ಸ್ಕ್ರೂ ತಿರುಗಿಸಿ ಹತ್ತಿರ ತಂದರೆ ಸೋರಿಕೆ ನಿಂತೀತು, ಆದರೆ ರಬ್ಬರಿನಲ್ಲಿ ಆಳವಾದ ಗೀರು ಬಿದ್ದು ಮುಂದಿನ ತಿಂಗಳು ಮತ್ತೆ ಸೋರೀತು. ಹುಬ್ಬಳ್ಳಿಯ ಮೇಸ್ತ್ರಿ ನಳದ ವಾಯ್ಸರ್ ಸವೆದಾಗ ಇನ್ನೂ ಬಿಗಿಯಾಗಿ ತಿರುವಿ ಹಾಳು ಮಾಡುತ್ತಾನಲ್ಲ, ಅದೇ ಕಥೆ.

ಇನ್ನು ಮುಳುಗುವವನ ಪಾಲು. ಬಹಳಷ್ಟು ರೆಗ್ಯುಲೇಟರುಗಳ ಬದಿಯಲ್ಲಿ ಒಂದು ಗುಬ್ಬಿಯೂ ಒಂದು ಪುಟ್ಟ ಸನ್ನೆಯೂ ಇರುತ್ತವೆ. ಎರಡನ್ನೂ ಒಂದೇ ಎಂದು ತಿಳಿಯುವವರು ಹೆಚ್ಚು. ಗುಬ್ಬಿ ಸ್ಪ್ರಿಂಗಿನ ಬಿಗಿ ಬದಲಿಸುತ್ತದೆ: ಒಳಕ್ಕೆ ತಿರುಗಿಸಿದರೆ ಗಾಳಿ ಬರಲು ಹೆಚ್ಚು ಎಳೆಯಬೇಕು, ಹೊರಕ್ಕೆ ತಿರುಗಿಸಿದರೆ ಕಡಿಮೆ. ಪುಟ್ಟ ಸನ್ನೆಯ ಕೆಲಸ ಬೇರೆ. ಕವಾಟ ತೆರೆದ ಮೇಲೆ ಒಳಬರುವ ಗಾಳಿಯ ಧಾರೆ ನೇರ ಬಾಯಿಗೆ ನುಗ್ಗಿದರೆ ಅದು ತನ್ನ ಹಿಂದೆ ಒತ್ತಡ ತಗ್ಗಿಸಿ ಪರದೆಯನ್ನು ಇನ್ನಷ್ಟು ಒಳಗೆ ಎಳೆದುಕೊಳ್ಳುತ್ತದೆ. ಆಗ ಉಸಿರು ತುಂಬ ಹಗುರ. ಆ ಧಾರೆಗೆ ಒಂದು ರೆಕ್ಕೆ ಅಡ್ಡ ಇಟ್ಟರೆ ಈ ಸಹಾಯ ನಿಲ್ಲುತ್ತದೆ. ಈ ಎರಡು ಸ್ಥಿತಿಗಳ ನಡುವೆ ಬದಲಾಯಿಸುವುದೇ ಆ ಪುಟ್ಟ ಸನ್ನೆ. ನೀರಿಗೆ ಹಾರುವ ಮೊದಲು ಅಡ್ಡ, ಇಳಿಯಲು ತೊಡಗಿದ ಮೇಲೆ ನೇರ. ಇಷ್ಟೇ.

ನೀರಿಗೆ ಹಾರುವಾಗ ಅಡ್ಡ ಯಾಕೆ ಎಂಬುದಕ್ಕೆ ಮತ್ತೆ 1943ರ ಜನವರಿಗೆ, ಪ್ಯಾರಿಸ್ ಹೊರವಲಯದ ಮಾರ್ನ್ ನದಿಗೆ ಹೋಗಬೇಕು. ಕುಸ್ತೊ ಹೊಸ ಯಂತ್ರ ಕಟ್ಟಿಕೊಂಡು ಇಳಿದ. ಅಡ್ಡಡ್ಡ ಈಜುವಾಗ ಸೊಗಸಾಗಿ ಕೆಲಸ ಮಾಡಿತು. ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಬುಸುಗುಟ್ಟಿ ಹರಿದು ವ್ಯರ್ಥ. ತಲೆಕೆಳಗಾದರೆ ಎಳೆದರೂ ಬಾರದು. ಕಾರಣ ಹೊಳೆದದ್ದು ಆಮೇಲೆ. ಉಸಿರು ಹೊರಹೋಗುವ ದಾರಿ ಬಾಯಿಯ ಹತ್ತಿರ, ಪರದೆ ಬೆನ್ನಿನ ಮೇಲೆ. ಎರಡರ ನಡುವೆ ಒಂದು ಗೇಣಿನಷ್ಟು ಅಂತರ. ನಿಂತಾಗ ಆ ಗೇಣು ನೀರಿನ ಒತ್ತಡವೇ ಪರದೆಯನ್ನು ತಳ್ಳುತ್ತಿತ್ತು. ಹೊರದಾರಿಯನ್ನೂ ಪರದೆಯ ಪಕ್ಕಕ್ಕೇ ತಂದರು, ತೊಂದರೆ ತೀರಿತು. ಬೆನ್ನಿನ ಮೇಲಿದ್ದ ಪರದೆ ಬಾಯಿಗೇ ಬಂದು ಕೂತದ್ದು ಮೆಲ್ಬೋರ್ನಿನ ಟೆಡ್ ಎಲ್ಡ್ರೆಡ್ 1952ರಲ್ಲಿ ಮಾರುಕಟ್ಟೆಗೆ ತಂದ ‘ಪೋರ್ಪಸ್’ ಎಂಬ ಒಂಟಿ ಕೊಳವೆಯ ಮಾದರಿಯಿಂದ. ಇಂದು ನಾವು ಕಚ್ಚುವುದೆಲ್ಲ ಅದರ ವಂಶವೇ.

ಮಾರ್ನ್ ನದಿಯ ಆ ಪಾಠವನ್ನು ನಮ್ಮ ಹಿತ್ತಲಿನ ಬಕೀಟಿನಲ್ಲಿ ಇವತ್ತೂ ಮಾಡಿ ನೋಡಬಹುದು. ಸಿಲಿಂಡರಿಗೆ ಜೋಡಿಸಿ ಗಾಳಿ ಬಿಟ್ಟು, ಎರಡನೇ ಹಂತವನ್ನು ಬಾಯಿಭಾಗ ಮೇಲೆ ಮಾಡಿ ಹಿಡಿದು ನೀರಿಗೆ ಮೆಲ್ಲಗೆ ಇಳಿಸಬೇಕು. ಬಾಯಿ ಇನ್ನೂ ನೀರಿನ ಮೇಲಿರುತ್ತದೆ, ಪರದೆ ಮುಳುಗುತ್ತದೆ. ಪರದೆ ಮೂರು ಸೆಂಟಿಮೀಟರಿನಷ್ಟು ಕೆಳಗೆ ಹೋದ ಕ್ಷಣ ಸಣ್ಣ ಸದ್ದು ಶುರುವಾದರೆ ಯಂತ್ರ ಹದದಲ್ಲಿದೆ. ಒಂದೇ ಸೆಂಟಿಮೀಟರಿಗೆ ಬುಸುಗುಟ್ಟಿದರೆ ತೀರಾ ಸಡಿಲ. ಐದಾರು ಇಳಿದರೂ ಮೌನವಾಗಿದ್ದರೆ ಬಿಗಿ. ಯಾವ ಉಪಕರಣವೂ ಬೇಡದ ಈ ಪರೀಕ್ಷೆ ನನಗೆ ಬಹಳ ಇಷ್ಟ. ದೋಣಿಯಿಂದ ಹಾರಿದಾಗ ಬಾಯಿಂದ ತಪ್ಪಿದ ರೆಗ್ಯುಲೇಟರು ಹುಚ್ಚೆದ್ದ ಹಾಗೆ ಗುಳ್ಳೆ ಕಾರುವುದಕ್ಕೂ ಇದೇ ಕಾರಣ: ಅದು ಬಾಯಿ ಮೇಲಾಗಿ ತೇಲುತ್ತಿರುತ್ತದೆ. ಹಿಡಿದು ಬಾಯಿ ಕೆಳಗೆ ತಿರುಗಿಸಿದರೆ ತಣ್ಣಗಾಗುತ್ತದೆ. ಕೆಟ್ಟಿದೆ ಎಂದು ಗಾಬರಿಯಾಗುವವರು ಇದನ್ನು ಒಮ್ಮೆ ಬಕೀಟಿನಲ್ಲಿ ನೋಡಿರಬೇಕು.

ಅಂಗಡಿಯ ವಾದಗಳನ್ನು ನಾನು ಬೇಗ ದಾಟುತ್ತೇನೆ. ಪಿಸ್ಟನ್ ಒಳ್ಳೆಯದೋ ಪರದೆಯ ಮೊದಲ ಹಂತ ಒಳ್ಳೆಯದೋ? ಪಿಸ್ಟನ್ನಿನಲ್ಲಿ ಭಾಗಗಳು ಕಡಿಮೆ, ಆದರೆ ಸಮುದ್ರದ ನೀರು ಸ್ಪ್ರಿಂಗಿರುವ ಕೋಣೆಗೇ ಬಂದು ಹೋಗುತ್ತದೆ. ಪರದೆಯದ್ದರಲ್ಲಿ ನೀರು ಪರದೆಯ ಹೊರಗೇ ನಿಲ್ಲುತ್ತದೆ. ನಮ್ಮ ಅಳಿವೆಗಳ ಕೆಸರು ನೆನೆಸಿಕೊಂಡರೆ ನನ್ನ ಮತ ಎರಡನೆಯದಕ್ಕೆ. ಸಿಲಿಂಡರು ಖಾಲಿಯಾಗುತ್ತ ಬಂದಂತೆ ಉಸಿರು ಬಿಗಿಯಾಗುವ ಸಾದಾ ಮಾದರಿ ಸಾಕೋ, ಕೊನೆಯವರೆಗೂ ಒಂದೇ ಸಮ ಕೊಡುವ ಸಮತೋಲನದ ಮಾದರಿ ಬೇಕೋ? ಹತ್ತು ಹನ್ನೆರಡು ಮೀಟರಿನಲ್ಲಿ ಮೀನು ನೋಡಿ ಬರುವವರಿಗೆ ಮೊದಲನೆಯದೇ ಸಾಕು. ಶೀತಲ ನೀರಿನಲ್ಲಿ ಹೆಪ್ಪುಗಟ್ಟದಂತೆ ಮುಚ್ಚಿದ ಮಾದರಿಗೆ ಹೆಚ್ಚಿನ ಹಣ ಕೊಡಬೇಕೇ? ಯುರೋಪಿನ ಮಾನದಂಡದಲ್ಲಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮಾತ್ರ ಶೀತಲ ನೀರು. ಅರಬ್ಬೀ ಸಮುದ್ರದ ನಮ್ಮ ದಂಡೆಗೆ ಆ ಚಿಂತೆಯಿಲ್ಲ. ಅದೇ ಮಾನದಂಡ, ಇಎನ್ 250, ರೆಗ್ಯುಲೇಟರನ್ನು 50 ಮೀಟರ್ ಆಳದ ಒತ್ತಡದಲ್ಲಿ, ನಿಮಿಷಕ್ಕೆ 62.5 ಲೀಟರ್ ಉಸಿರಾಟದಲ್ಲಿ ಪರೀಕ್ಷಿಸಿ, ಲೀಟರಿಗೆ 3 ಜೂಲ್‌ಗಿಂತ ಹೆಚ್ಚು ಶ್ರಮವಾಗಬಾರದು ಎನ್ನುತ್ತದೆ. ಅದನ್ನು ದಾಟಿದ ಸಾಧಾರಣ ಮಾದರಿಯಲ್ಲಿ ನೇತ್ರಾಣಿಯ ಹತ್ತು ಮೀಟರಿನಲ್ಲಿ ಉಸಿರಾಡುವವನಿಗೆ ಗುಬ್ಬಿಯ ಅರ್ಧ ಸುತ್ತಿನ ವ್ಯತ್ಯಾಸ ತಿಳಿಯುವುದೂ ಕಷ್ಟ.

ನೇತ್ರಾಣಿ ಅಂದೆ. ಹುಬ್ಬಳ್ಳಿ-ಧಾರವಾಡದವರ ಪಾಲಿಗೆ ಸ್ಕೂಬಾ ಎಂಬ ಪದದ ಅರ್ಥವೇ ಅದು. ಶನಿವಾರ ರಾತ್ರಿ ಹೊರಟು, ಘಟ್ಟ ಇಳಿದು, ಸುಮಾರು 200 ಕಿಲೋಮೀಟರಿನಾಚೆ ಬೆಳಗಿಗೆ ಮುರ್ಡೇಶ್ವರ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ದೂರದಲ್ಲಿ ಈ ದ್ವೀಪ. ಮಳೆಗಾಲದ ನಾಲ್ಕು ತಿಂಗಳು ಬಂದ್, ಅಕ್ಟೋಬರಿನಿಂದ ಮೇ ತಿಂಗಳವರೆಗೆ ಹಂಗಾಮು. ಬರುವವರಲ್ಲಿ ಬಹಳ ಮಂದಿ ಮೊದಲ ಸಲದವರು, ಈಜು ಬಾರದವರೂ ಉಂಟು. ಅವರನ್ನು ಬೋಧಕರು 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ. ರೆಗ್ಯುಲೇಟರಿನ ಜೋಡಣೆ, ತೆರೆಯುವಿಕೆ ಎಲ್ಲ ಬೋಧಕರದ್ದೇ. ಅತಿಥಿಯ ಕೆಲಸ ಬಾಯಿಗಿಟ್ಟುಕೊಳ್ಳುವುದಷ್ಟೇ.

ಅಷ್ಟೇ ಆದರೂ ಅದು ಸುಲಭವಲ್ಲ. ಹಳ್ಳಿಯ ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತವರಿಗೆ ಹಿರಿಯರು ಹೇಳಿಕೊಟ್ಟದ್ದು ಒಂದೇ: ದಮ್ಮು ಹಿಡಿ. ಸ್ಕೂಬಾದ ಮೊದಲ ನಿಯಮ ಅದಕ್ಕೆ ತದ್ವಿರುದ್ಧ: ದಮ್ಮು ಹಿಡಿಯಬೇಡ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು, ಅಲ್ಲಿ ರೆಗ್ಯುಲೇಟರು ಕೊಡುವ ಗಾಳಿಯೂ ಎರಡರಷ್ಟು ದಟ್ಟ. ಅದನ್ನು ಎದೆಯಲ್ಲಿ ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಎರಡರಷ್ಟು ಹಿಗ್ಗಲು ನೋಡುತ್ತದೆ. ಶ್ವಾಸಕೋಶ ಅಷ್ಟು ಹಿಗ್ಗಲಾರದು. ಧಾರವಾಡದಲ್ಲಿ ಪ್ರಾಣಾಯಾಮ ಮಾಡುವವರು ಬಹಳ. ಅವರಿಗೆ ನಾನು ಹೇಳುವುದಿಷ್ಟು, ಪೂರಕ ರೇಚಕ ಎರಡೂ ಇರಲಿ, ಕುಂಭಕವನ್ನು ಮಾತ್ರ ಮುರ್ಡೇಶ್ವರದ ದಂಡೆಯಲ್ಲೇ ಬಿಟ್ಟು ಹೋಗಿ. ನಿಧಾನವಾದ ಉಸಿರು ಗಾಳಿಯನ್ನೂ ಉಳಿಸುತ್ತದೆ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ 11.1 ಲೀಟರ್, 200 ಬಾರ್‌ನಲ್ಲಿ ಹೆಚ್ಚುಕಡಿಮೆ 2,220 ಲೀಟರ್ ಗಾಳಿ. ಕೊನೆಯ 50 ಬಾರ್ ಮುಟ್ಟದೆ, ದಂಡೆಯ ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯುವವನು 10 ಮೀಟರಿನಲ್ಲಿ ನಲವತ್ತು ನಿಮಿಷ ಇರಬಹುದು. ಗಾಬರಿಯಿಂದ ಏದುಸಿರು ಬಿಟ್ಟರೆ ಇಪ್ಪತ್ತೂ ಇಲ್ಲ. ಗುಬ್ಬಿಯನ್ನು ಎಷ್ಟು ತಿರುಗಿಸಿದರೂ ಈ ಲೆಕ್ಕ ಬದಲಾಗದು. ಬಿಗಿ ಮಾಡಿದರೆ ಗಾಳಿ ಉಳಿಯುತ್ತದೆ ಎಂಬ ನಂಬಿಕೆ ದೋಣಿಗಳಲ್ಲಿ ಬಹಳ ಓಡಾಡುತ್ತದೆ. ಕಷ್ಟಪಟ್ಟು ಎಳೆಯುವವನು ಸುಸ್ತಾಗಿ ಇನ್ನಷ್ಟು ಎಳೆಯುತ್ತಾನೆ, ಅಷ್ಟೇ.

ಮುಂಭಾಗದ ಗುಂಡಿಯನ್ನು ಒತ್ತಿದರೆ ಪರದೆ ನೇರವಾಗಿ ಸನ್ನೆಯ ಮೇಲೆ ಕುಳಿತು ಗಾಳಿ ನುಗ್ಗುತ್ತದೆ. ರೆಗ್ಯುಲೇಟರು ಬಾಯಿಂದ ಬಿದ್ದು ನೀರು ತುಂಬಿದಾಗ ಅದನ್ನು ಹೊರಹಾಕಲು ಇದು. ಎದೆಯಲ್ಲಿ ಇನ್ನೂ ಉಸಿರಿದ್ದರೆ ಗುಂಡಿ ಬೇಡ, ‘ಫೂ’ ಎಂದು ಊದಿದರೆ ಸಾಕು. ಉಸಿರೆಲ್ಲ ಖಾಲಿಯಾಗಿದ್ದರೆ ಗುಂಡಿ; ಆದರೆ ನಾಲಿಗೆಯನ್ನು ಅಂಗುಳಿಗೆ ಒತ್ತಿ ದಾರಿಗೆ ಅಡ್ಡ ಇಟ್ಟು, ಇಲ್ಲದಿದ್ದರೆ ನೀರು ನೇರ ಗಂಟಲಿಗೆ. ಮೊದಲ ಸಲ ನಾನು ನಾಲಿಗೆ ಮರೆತೆ. ಅರ್ಧ ಲೋಟ ಉಪ್ಪುನೀರು ಕುಡಿದು ಕೆಮ್ಮಿದ್ದು ರೆಗ್ಯುಲೇಟರಿನೊಳಗೇ. ಅದರೊಳಗೆ ಕೆಮ್ಮಬಹುದು ಎಂಬುದೂ ಅವತ್ತೇ ತಿಳಿಯಿತು.

ನೀರಿಗಿಳಿಯುವ ಮುಂಚಿನ ಪರೀಕ್ಷೆಗಳಲ್ಲಿ ನನಗೆ ಅತಿ ಮುಖ್ಯ ಎನಿಸುವುದು ಎರಡು. ಒಂದು, ಸಿಲಿಂಡರ್ ತೆರೆಯುವ ಮೊದಲು, ಮೊದಲ ಹಂತಕ್ಕೆ ಮುಚ್ಚಳ ಹಾಕಿಯೇ, ಬಾಯಿಯಿಂದ ಎಳೆದು ನೋಡುವುದು. ಏನೂ ಬರಬಾರದು. ಗಾಳಿ ಬಂದರೆ ಎಲ್ಲೋ ಪರದೆ ಹರಿದಿದೆ ಅಥವಾ ಉಸಿರು ಬಿಡುವ ರಬ್ಬರ್ ಎಲೆ ಮಡಿಚಿದೆ. ದಂಡೆಯಲ್ಲಿ ಗಾಳಿ ಬಂದ ದಾರಿಯಲ್ಲೇ ಕೆಳಗೆ ನೀರು ಬರುತ್ತದೆ. ಎರಡು, ತೆರೆದ ಮೇಲೆ ಗೇಜಿನ ಮುಳ್ಳು ನೋಡುತ್ತ ನಾಲ್ಕು ದೊಡ್ಡ ಉಸಿರು. ಪ್ರತಿ ಉಸಿರಿಗೂ ಮುಳ್ಳು ಕುಣಿದರೆ ಸಿಲಿಂಡರಿನ ಕವಾಟ ಪೂರ್ತಿ ತೆರೆದಿಲ್ಲ. ದೋಣಿಯ ಮೇಲೆ ಅರೆತೆರೆದ ಕವಾಟವೂ ಸಾಕಷ್ಟು ಕೊಡುತ್ತದೆ, 15 ಮೀಟರಿನಲ್ಲಿ ಕೊಡುವುದಿಲ್ಲ. ಪೂರ್ತಿ ತೆರೆದು ಕಾಲು ಸುತ್ತು ಹಿಂದೆ ತಿರುಗಿಸುವ ಹಳೆಯ ರೂಢಿಯನ್ನು ಈಗ ಹಲವು ತರಬೇತಿ ಸಂಸ್ಥೆಗಳು ಕೈಬಿಟ್ಟಿರುವುದು ಇದಕ್ಕೇ. ತೆರೆದದ್ದೋ ಮುಚ್ಚಿದ್ದೋ ಎಂಬ ಗೊಂದಲದಲ್ಲಿ ಪೂರ್ತಿ ಮುಚ್ಚಿ ಕಾಲು ಸುತ್ತು ತೆರೆದವರೂ ಇದ್ದಾರೆ.

ಕೆಟ್ಟರೆ ಏನಾಗುತ್ತದೆ ಎಂಬುದು ಎಲ್ಲರ ಭಯ. ಎರಡನೇ ಹಂತದ ಕವಾಟ ತೆರೆಯುವುದು ಗಾಳಿ ಹರಿಯುವ ದಿಕ್ಕಿಗೇ. ಆದ್ದರಿಂದ ಕೆಟ್ಟಾಗ ಅದು ಬಹುಮಟ್ಟಿಗೆ ತೆರೆದು ನಿಲ್ಲುತ್ತದೆ, ಮುಚ್ಚಿಕೊಳ್ಳುವುದಿಲ್ಲ. ಹರಿಯುವ ಗಾಳಿಯನ್ನೇ, ತುಟಿ ಬಿಗಿಯದೆ, ನಳದ ಕೆಳಗೆ ಬೊಗಸೆಯೊಡ್ಡಿದ ಹಾಗೆ ಸವಿದು ಮೇಲೆ ಬರಬಹುದು. ಸಂಗಾತಿಯ ಹಳದಿ ಬಣ್ಣದ ಹೆಚ್ಚುವರಿ ರೆಗ್ಯುಲೇಟರು ಇದ್ದೇ ಇದೆ. ಕೊಳವೆಗಳ ವಿಷಯದಲ್ಲಿ ಕಣ್ಣು ಮೋಸ ಮಾಡುತ್ತದೆ. ಗೇಜಿನ ಕೊಳವೆಯಲ್ಲಿ 200 ಬಾರ್, ಅದು ಒಡೆದರೆ ಭೀಕರವಾಗಿ ಕಾಣುತ್ತದೆ. ಆದರೆ ಅದರ ಬುಡದಲ್ಲಿ ಸೂಜಿಮೊನೆಯ ತೂತಷ್ಟೇ ಇರುವುದರಿಂದ ಸಿಲಿಂಡರು ನಿಧಾನವಾಗಿ ಖಾಲಿಯಾಗುತ್ತದೆ. 10 ಬಾರ್‌ನ ಉಸಿರಾಟದ ಕೊಳವೆ ಒಡೆದರೆ ಅದಕ್ಕಿಂತ ಬಹಳ ಬೇಗ ಎಲ್ಲ ಮುಗಿದಿರುತ್ತದೆ.

ಗುಬ್ಬಿ ನಿಜವಾಗಿ ಬೇಕಾಗುವ ನೀರು ನಮ್ಮ ಸೀಮೆಯಲ್ಲಿ ಬೇರೆಯದೇ ಇದೆ, ಮತ್ತು ಅದರ ತಲೆ ಧಾರವಾಡದಲ್ಲಿದೆ. ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ಬೇಡ್ತಿಯನ್ನು ಕೂಡಿ, ಘಟ್ಟ ಇಳಿದು, ಅಂಕೋಲೆಯ ಹತ್ತಿರ ಗಂಗಾವಳಿಯೆಂಬ ಹೆಸರಲ್ಲಿ ಸಮುದ್ರ ಸೇರುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ತಳ್ಳಿಕೊಂಡು ಹೋದದ್ದು ಈ ಗಂಗಾವಳಿಗೇ. ನೌಕಾಪಡೆಯ ಮುಳುಗುಗಾರರೂ ಮಲ್ಪೆಯ ಮುಳುಗು ತಜ್ಞ ಈಶ್ವರ ಮಲ್ಪೆಯವರೂ ಆ ಕೆಂಪು ನೀರಿಗೆ ಇಳಿದರು. ಕೇರಳದ ಚಾಲಕನಿದ್ದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ, ಹೂಳೆತ್ತುವ ಹಡಗು ತಂದ ಮೇಲೆ. ಅಂಥ ಪ್ರವಾಹದಲ್ಲಿ ಎದುರು ಮುಖ ಮಾಡಿದರೆ ನೀರೇ ಬೆರಳಿನ ಹಾಗೆ ಪರದೆಯನ್ನು ಒತ್ತಿ ಗಾಳಿ ಹರಿಸಿಬಿಡುತ್ತದೆ. ಅಲ್ಲಿ ಗುಬ್ಬಿಯನ್ನು ಒಳಕ್ಕೆ ತಿರುಗಿಸಬೇಕು, ಪುಟ್ಟ ಸನ್ನೆ ಅಡ್ಡ ಇರಬೇಕು. ಉಸಿರು ಬಿಡುವ ರಬ್ಬರ್ ಎಲೆಯ ಕೆಳಗೆ ಒಂದು ಮರಳಿನ ಕಣ ಕೂತರೆ ಪ್ರತಿ ಉಸಿರಿನ ಜೊತೆ ಒಂದು ಚಮಚ ಕೆಸರು ಬಾಯಿಗೆ. ಕಣ್ಣಿಗೆ ಅಂಗೈಯೂ ಕಾಣದ ಆ ನೀರಿನಲ್ಲಿ ಗೇಜು ಓದುವುದೂ ಆಗದ ಮಾತು. ನೇತ್ರಾಣಿಯಲ್ಲಿ ಹವ್ಯಾಸಿಗಳು ಗುಬ್ಬಿಯ ಬಗ್ಗೆ ಮಾಡುವ ಚರ್ಚೆ ಇಲ್ಲಿ ಮೊದಲ ಸಲ ಅರ್ಥ ಪಡೆಯುತ್ತದೆ.

ಭಾನುವಾರ ಸಂಜೆ ವಾಪಸು ಹೊರಡುವವರಿಗೆ ಒಂದು ಮಾತು. ಇದು ರೆಗ್ಯುಲೇಟರಿನ ವಿಷಯವಲ್ಲ, ಆದರೆ ಅದು ಕೊಟ್ಟ ದಟ್ಟ ಗಾಳಿಯದು. ಆ ಗಾಳಿಯ ಸಾರಜನಕ ಮೈಯಲ್ಲಿ ಕರಗಿ ಗಂಟೆಗಟ್ಟಲೆ ಉಳಿದಿರುತ್ತದೆ. ಮುಳುಗಿದ ಮೇಲೆ ವಿಮಾನ ಹತ್ತಲು ಒಂದು ಮುಳುಗಿಗೆ 12 ಗಂಟೆ, ಹಲವು ಮುಳುಗುಗಳಿಗೆ 18 ಗಂಟೆ ಕಾಯಿರಿ ಎಂಬ ಸೂಚನೆ ಪ್ರಸಿದ್ಧ. ಅದು ಅನ್ವಯಿಸುವುದು ವಿಮಾನದೊಳಗಿನ ಒತ್ತಡ 2,000 ಅಡಿಯಿಂದ 8,000 ಅಡಿ ಎತ್ತರಕ್ಕೆ ಸಮವಾಗಿದ್ದಾಗ. ಹುಬ್ಬಳ್ಳಿ ಆ 2,000 ಅಡಿಯನ್ನು ಮೆಲ್ಲಗೆ ದಾಟಿದೆ, ಧಾರವಾಡ ಇನ್ನೂ ಮೇಲಿದೆ. ಒಂದೇ ಒಂದು ಆಳವಿಲ್ಲದ ಮುಳುಗಿಗೆ ದೊಡ್ಡ ಆತಂಕ ಬೇಡ. ಎರಡು ದಿನ ನಾಲ್ಕಾರು ಸಲ ಆಳಕ್ಕೆ ಹೋಗಿ ಬಂದವರು ಊರ ದಾರಿಯ ಅರಬೈಲ್ ಘಟ್ಟವನ್ನು ಅವತ್ತೇ ಹತ್ತದೆ ಒಂದು ರಾತ್ರಿ ದಂಡೆಯಲ್ಲಿ ಮಲಗಿ ಬರುವುದು ಜಾಣತನ. ಬೆಂಗಳೂರಿನವರಿಗೂ ಇದೇ ಮಾತು, ಅವರೂರು ಇನ್ನೂ ಎತ್ತರದಲ್ಲಿದೆ.

ಸ್ವಂತ ರೆಗ್ಯುಲೇಟರು ಇಟ್ಟುಕೊಂಡ ಕೆಲವೇ ಮಂದಿಗೆ ಊರಿಗೆ ಬಂದ ಮೇಲಿನ ಕೆಲಸವೇ ದೊಡ್ಡದು. ಉಪ್ಪು ಒಣಗಿ ಹರಳಾಗುವ ಮೊದಲು ಸಿಹಿನೀರಲ್ಲಿ ನೆನೆಹಾಕಬೇಕು. ನಮ್ಮ ಬಹಳಷ್ಟು ಓಣಿಗಳಿಗೆ ಮಲಪ್ರಭೆಯ ನೀರು ದಿನವೂ ಬರುವುದಿಲ್ಲ. ನಳ ಬರುವ ದಿನ ಮನೆಯವರ ಕೊಡ, ಬಕೀಟು, ಟಾಕಿಗಳ ಸಾಲಿನಲ್ಲಿ ರೆಗ್ಯುಲೇಟರಿಗೆ ಕೊನೆಯ ಜಾಗ. ಬೋರಿನ ನೀರು ಸಿಗುತ್ತದೆ, ಆದರೆ ಅದರ ಗಡಸುತನ ಬಿಳಿ ಪೊರೆ ಬಿಡುತ್ತದೆ. ಉಪ್ಪು ತೊಳೆಯಲು ಸುಣ್ಣ ಹಚ್ಚಿದ ಹಾಗೆ. ನಾನು ಕುಡಿಯುವ ನೀರಿನ ಅರ್ಧ ಬಕೀಟು ತೆಗೆದಿಡುತ್ತೇನೆ, ಮನೆಯಲ್ಲಿ ಅದಕ್ಕೆ ಬೈಸಿಕೊಳ್ಳುತ್ತೇನೆ. ತೊಳೆಯುವಾಗ ಮೊದಲ ಹಂತದ ಮುಚ್ಚಳ ಗಟ್ಟಿಯಾಗಿರಬೇಕು, ಮುಂದಿನ ಗುಂಡಿಯನ್ನು ಅಪ್ಪಿತಪ್ಪಿಯೂ ಒತ್ತಬಾರದು. ಒತ್ತಿದರೆ ಕವಾಟ ತೆರೆದು ನೀರು ಕೊಳವೆಗುಂಟ ಮೊದಲ ಹಂತದ ಹೊಟ್ಟೆಗೇ ಹೋಗುತ್ತದೆ. ನೆರಳಲ್ಲಿ ಒಣಗಿಸಬೇಕು. ಏಪ್ರಿಲಿನ ಬಿಸಿಲಿಗೆ ಕಾರಿನ ಡಿಕ್ಕಿಯಲ್ಲಿಟ್ಟರೆ ರಬ್ಬರು ಬೇಗ ಮುದಿಯಾಗುತ್ತದೆ.

ಸರ್ವೀಸು ಎಷ್ಟು ದಿನಕ್ಕೊಮ್ಮೆ ಎಂಬುದು ಇನ್ನೂ ತೀರದ ವಾದ. ವರ್ಷಕ್ಕೊಮ್ಮೆ ಅಥವಾ 100 ಮುಳುಗಿಗೊಮ್ಮೆ ಎಂಬುದು ಹಳೆಯ ಲೆಕ್ಕ. ಕೆಲವು ಕಂಪನಿಗಳು ಈಗ ಎರಡು ವರ್ಷ ಎನ್ನುತ್ತವೆ. ಸುಮ್ಮನಿದ್ದದ್ದನ್ನು ಬಿಚ್ಚಿದರೇ ಕೆಡುವುದು, ತೊಂದರೆ ಕಂಡಾಗ ಬಿಚ್ಚಿ ಎಂಬ ಪಕ್ಷವೂ ಇದೆ, ಅದರಲ್ಲಿ ಹುರುಳೂ ಇದೆ. ಸರ್ವೀಸು ಮುಗಿಸಿ ಬಂದ ರೆಗ್ಯುಲೇಟರನ್ನು ನೇರ ಸಮುದ್ರಕ್ಕೆ ಒಯ್ಯದೆ ಮೊದಲು ಈಜುಕೊಳದಲ್ಲಿ ನೋಡಿ ಎಂದು ಅನುಭವಿಗಳು ಹೇಳುವುದು ಅದಕ್ಕೇ. ನನ್ನ ಮಧ್ಯಮ ದಾರಿ: ಹಂಗಾಮಿನ ಶುರುವಿಗೆ ಗೇಜು ಸಿಕ್ಕಿಸಿ ನಡುವಿನ ಒತ್ತಡ ನೋಡುವುದು, ಬಕೀಟಿನ ಪರೀಕ್ಷೆ, ಮುಚ್ಚಳ ಹಾಕಿ ಎಳೆದು ನೋಡುವುದು. ಮೂರೂ ಸರಿಯಿದ್ದರೆ ಆ ವರ್ಷ ಮುಟ್ಟದಿರುವುದು. ಒಂದು ತಪ್ಪಿದರೂ ಬಲ್ಲವರ ಕೈಗೆ.

ಆ ಹಳೆಯ ರೆಗ್ಯುಲೇಟರಿನದು ಮೂರನೆಯದು ತಪ್ಪಿತ್ತು. ಒಲೆ ರಿಪೇರಿಯವರು ಪರದೆಯನ್ನು ಬೆಳಕಿಗೆ ಹಿಡಿದು, ಅಂಚಿನಲ್ಲಿ ಕಣ್ಣಿಗೆ ಬೀಳದಂಥ ಒಂದು ಸೀಳನ್ನು ಉಗುರಿನಿಂದ ತೋರಿಸಿದರು. ಹೊಸದು ಕತ್ತರಿಸಿ ಕೂಡಿಸಿಕೊಡುತ್ತೀರಾ, ನಿಮ್ಮ ಹತ್ತಿರ ರಬ್ಬರ್ ಹಾಳೆ ಇದೆಯಲ್ಲ ಎಂದೆ, ತಮಾಷೆಗೆ. ಅವರು ನಗಲಿಲ್ಲ. ‘ಒಲಿ ಆದ್ರ ಆರತೈತಿ, ಮತ್ತ ಹಚ್ಚಬಹುದು’ ಅಂದರು. ಮುಚ್ಚಳ ತಿರುವಿ ಹಾಕಿ, ಬನಿಯನ್ ಬಟ್ಟೆಯಿಂದ ಒರೆಸಿ, ಎರಡೂ ಕೈಯಿಂದ ವಾಪಸು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕರೆದು ಕೇಳಿದರು: ‘ಅಲ್ರೀ ಸರ, ಒಳಗ ಮಾತಾಡಾಕ ಬರತೈತೇನ್ರೀ?’

ಇಲ್ಲ ಅಂದೆ.

‘ಹಂಗಾದ್ರ ನಮ್ಮ ಮಂದಿ ಬಾಳ ಹೊತ್ತು ಇರಂಗಿಲ್ ಬಿಡ್ರಿ’ ಅಂದು ಒಲೆಯ ಕಡೆ ತಿರುಗಿದರು.